ಕಣ್ಣೆತ್ತುವಷ್ಟರಲ್ಲಿ ಹೋಗುವ ಸಂದೇಶ

“ಟೀಚರ್, ಮೂಲ್ಯಾಗ ಏನೋ ಬಂತ್ರೀ, ಓದೂದ್ರಾಗ ಹೋತು. ಏನಂತ ಬರದಿತ್ತರೀ?”

ಬೈಲಹೊಂಗಲದ ನಮ್ಮ ಕಂಪ್ಯೂಟರ್ ತರಗತಿಯಲ್ಲಿ ನಾನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಬರುವವರು ಸವದತ್ತಿ ಕಡೆಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಕಿತ್ತೂರಿನ ಕಾಲೇಜು ಹುಡುಗರು, ಪಿಂಚಣಿ ಬಂದ ಮೇಲೆ ಬರವಣಿಗೆಗೆ ಕೈ ಹಚ್ಚಿದ ಮಾಸ್ತರರು. ಕೆಲವರು ತಮ್ಮ ಸಂಘದ ವೆಬ್‌ಸೈಟಿಗೆ ಸುದ್ದಿ ಹಾಕಲು ಕಲಿಯುತ್ತಾರೆ, ಕೆಲವರು ಕನ್ನಡ ವಿಕಿಪೀಡಿಯದಲ್ಲಿ ತಮ್ಮೂರಿನ ಬಗ್ಗೆ ಬರೆಯುತ್ತಾರೆ. ಬರೆದು ಗುಂಡಿ ಒತ್ತಿದ ಕೂಡಲೇ ‘ನಿಮ್ಮ ಬದಲಾವಣೆ ಉಳಿದಿದೆ’ ಎಂಬರ್ಥದ ಒಂದು ಸಣ್ಣ ಪಟ್ಟಿ ಪರದೆಯ ಮೂಲೆಯಲ್ಲಿ ಕಾಣಿಸಿ, ತಾನಾಗಿ ಮರೆಯಾಗುತ್ತದೆ. ಇವರಲ್ಲಿ ಹೆಚ್ಚಿನವರು ಕೀಲಿಮಣೆ ನೋಡುತ್ತಲೇ ಟೈಪ್ ಮಾಡುವವರು. ಒತ್ತು, ದೀರ್ಘ, ಅರ್ಕಾವತ್ತು ಎಲ್ಲಿದೆ ಎಂದು ಹುಡುಕುತ್ತಿದ್ದ ಕಣ್ಣು ಮೇಲೇಳುವಷ್ಟರಲ್ಲಿ ಆ ಪಟ್ಟಿ ಹೋಗಿರುತ್ತದೆ. ಆಮೇಲೆ ಅನುಮಾನ ಶುರು: ಉಳಿಯಿತೋ ಇಲ್ಲವೋ? ಮತ್ತೊಮ್ಮೆ ಒತ್ತಬೇಕೋ? ಬರೆದದ್ದೆಲ್ಲ ಹೋಯಿತೋ?

ಆ ಪಟ್ಟಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಚಿಕ್ಕ ವಿಷಯದಂತೆ ಕಾಣುತ್ತದೆ. ಆದರೆ ಹೊಸಬರೊಬ್ಬರು ಮರುದಿನ ಬರೆಯಲು ಬರುತ್ತಾರೋ ಇಲ್ಲವೋ ಎಂಬುದು ಅಲ್ಲೇ ನಿರ್ಧಾರವಾಗುವುದನ್ನು ನಾನು ನೋಡುತ್ತಲೇ ಇದ್ದೇನೆ.

ಈಗ ಎಷ್ಟು ಹೊತ್ತು ನಿಲ್ಲುತ್ತದೆ? ಒಂದೊಂದು ಸಾಧನದ್ದು ಒಂದೊಂದು ಲೆಕ್ಕ. ಆಂಡ್ರಾಯ್ಡ್ ಫೋನಿನಲ್ಲಿ ತೇಲಿಬರುವ ‘ಟೋಸ್ಟ್’ ಎಂಬ ಕಿರುಸಂದೇಶಕ್ಕೆ ಎರಡೇ ಅಳತೆ: 2 ಸೆಕೆಂಡು, ಇಲ್ಲವೇ ಮೂರೂವರೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಮಾಮೂಲಿ ಸೂಚನೆಗೆ 5 ಸೆಕೆಂಡು, ದೀರ್ಘ ಸೂಚನೆಗೆ 30. ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ಸಿನ ಈಗಿನ ಸಂಪಾದಕದಲ್ಲಿ ಕೆಳಗಿನ ಮೂಲೆಯ ಕಪ್ಪು ಪಟ್ಟಿ 10 ಸೆಕೆಂಡು ಇರುತ್ತದೆ. ಅದೇ ವರ್ಡ್‌ಪ್ರೆಸ್ಸಿನ ಹಳೆಯ ಸಂಪಾದಕದಲ್ಲಿ ಹಸಿರು ಗೆರೆಯ ಸೂಚನೆ ಪುಟದ ಮೇಲ್ಭಾಗದಲ್ಲಿ ಬರುತ್ತಿತ್ತು. ನಾವಾಗಿ ಮುಚ್ಚುವವರೆಗೆ ಅಥವಾ ಆ ಪುಟ ಬಿಡುವವರೆಗೆ ಅಲ್ಲೇ ನಿಂತಿರುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅದೇ ಹಿತವಾಗಿತ್ತು. ನನಗೂ ಅದೇ ಸರಿ ಅನಿಸುತ್ತದೆ.

ಸಂದೇಶ ಬೇಗ ಹೋಗಬೇಕು ಎನ್ನುವವರಿಗೂ ಕಾರಣಗಳಿವೆ. ದಿನಕ್ಕೆ ನೂರಾರು ತಿದ್ದುಪಡಿ ಮಾಡುವ ಅನುಭವಿಗೆ ಪ್ರತಿ ಸಲವೂ ಪಟ್ಟಿ ಮುಚ್ಚುವುದು ಕಾಟ. ಫೋನಿನಲ್ಲಿ ಅದು ಬರೆಯುವ ಜಾಗವನ್ನೇ ಮುಚ್ಚುತ್ತದೆ. ಸೂಚನೆಗಳು ಒಂದರ ಮೇಲೊಂದು ಕೂತರೆ ಯಾವುದು ಹೊಸದು, ಯಾವುದು ಹಳೆಯದು ತಿಳಿಯುವುದಿಲ್ಲ. ಇದೆಲ್ಲ ನಿಜ. ಆದರೆ ಅನುಭವಿಯ ಅವಸರಕ್ಕೆ ಹೊಸಬರ ಧೈರ್ಯವನ್ನು ಬಲಿಕೊಡಬೇಕಾಗಿಲ್ಲ.

ವಿಕಿಪೀಡಿಯದ್ದೇ ಉದಾಹರಣೆ ಇದೆ. ಮೊದಮೊದಲು ಅಲ್ಲಿ ತಿದ್ದುಪಡಿ ಉಳಿದ ಮೇಲೆ ಯಾವ ಮಾತೂ ಬರುತ್ತಿರಲಿಲ್ಲ. ಪುಟ ಹೊಸದಾಗಿ ತೆರೆದುಕೊಳ್ಳುತ್ತಿತ್ತು, ಅಷ್ಟೇ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಮೊದಲ ವರ್ಷಗಳಲ್ಲಿ ಬರೆದವರೆಲ್ಲ ಹಾಗೆಯೇ ಬರೆದವರು. 2012ರಲ್ಲಿ ವಿಕಿಮೀಡಿಯ ಫೌಂಡೇಶನ್ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಪ್ರಯೋಗ ಮಾಡಿತು. ಹೊಸ ಸಂಪಾದಕರಲ್ಲಿ ಕೆಲವರಿಗೆ ‘ಉಳಿದಿದೆ’ ಎಂಬ ದೃಢೀಕರಣ, ಕೆಲವರಿಗೆ ಧನ್ಯವಾದ, ಉಳಿದವರಿಗೆ ಏನೂ ಇಲ್ಲ. ದೃಢೀಕರಣ ಕಂಡವರು ಹೆಚ್ಚು ತಿದ್ದುಪಡಿಗಳನ್ನು ಮಾಡಿದರು. ಧನ್ಯವಾದಕ್ಕಿಂತಲೂ ಕೆಲಸ ಆಯಿತು ಎಂಬ ಖಾತ್ರಿಯೇ ಜನರಿಗೆ ಬೇಕಿತ್ತು ಎಂದು ನಾನು ಇದನ್ನು ಓದಿಕೊಂಡಿದ್ದೇನೆ. ಆಮೇಲೆ ಆ ಸಂದೇಶ ಎಲ್ಲರಿಗೂ ಬಂತು, ಆದರೆ ಕಾಣಿಸಿಕೊಂಡು ಬೇಗನೆ ಕರಗುವ ರೂಪದಲ್ಲಿ ಬಂತು.

ವಿಕಿಪೀಡಿಯದಲ್ಲಿ ನಮ್ಮ ಸೀಮೆಯ ಬಗ್ಗೆ ಬರೆಯಬೇಕಾದದ್ದು ಇನ್ನೂ ರಾಶಿ ಇದೆ. ಶಾಸನಗಳ ಕಾಲದ ತೊರಗಲೆ ಆರುಸಾವಿರ ನಾಡು, ರಾಮದುರ್ಗ ತಾಲ್ಲೂಕಿನ ತೊರಗಲ್ ಕೋಟೆ ಮತ್ತು ಭೂತನಾಥ ಗುಡಿಗಳು, ಹೂಲಿಯ ಪಂಚಲಿಂಗೇಶ್ವರ, ಸೊಗಲದ ಸೋಮೇಶ್ವರ, ಬೆಳವಡಿಯ ಮಲ್ಲಮ್ಮ. ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲೇ ಇದೆ. ಆಕೆ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ದಿನ ಮಾತ್ರ ಕೆಲವೆಡೆ 2 ಎಂದಿದೆ, ಕೆಲವೆಡೆ 21 ಎಂದಿದೆ. ಇಂಥ ಒಂದು ದಿನಾಂಕಕ್ಕೆ ಆಧಾರ ಹುಡುಕಿ, ಪುಸ್ತಕದ ಪುಟಸಂಖ್ಯೆ ಬರೆದುಕೊಂಡು ಬಂದ ನಿವೃತ್ತ ಮಾಸ್ತರರು ಪ್ರಕಟಿಸುವ ಗುಂಡಿ ಒತ್ತಿದ ಮೇಲೆ ತಮ್ಮ ತಿದ್ದುಪಡಿ ನಿಂತಿತೋ ಇಲ್ಲವೋ ತಿಳಿಯದೆ ಕೂತರೆ, ಅವರ ಇಡೀ ಶ್ರಮದ ಮೇಲೆ ಮಂಕು ಕವಿಯುತ್ತದೆ. ವಿಕಿಪೀಡಿಯದಲ್ಲಿ ಗಾಬರಿಯಾಗಿ ಎರಡನೇ ಸಲ ಒತ್ತಿದರೂ ಹಾನಿಯಿಲ್ಲ. ಅಕ್ಷರ ಬದಲಾಗದಿದ್ದರೆ ಎರಡನೆಯದು ದಾಖಲಾಗುವುದೇ ಇಲ್ಲ. ಪ್ರತಿ ತಿದ್ದುಪಡಿಯೂ ಪುಟದ ‘ಇತಿಹಾಸ’ದಲ್ಲಿ ದಿನಾಂಕ, ಸಮಯ, ಹೆಸರಿನ ಸಮೇತ ಕಾಯಂ ಉಳಿಯುತ್ತದೆ. ಹೀಗಾಗಿ ನಾನು ಮೊದಲ ದಿನವೇ ಇತಿಹಾಸದ ಪುಟ ತೋರಿಸುತ್ತೇನೆ. “ಪಟ್ಟಿ ಕಾಣಲಿಲ್ಲಂದ್ರ ಇಲ್ಲಿ ನೋಡ್ರಿ, ನಿಮ್ಮ ಹೆಸರ ಐತಿ” ಎಂದಾಗ ಮುಖ ಅರಳುತ್ತದೆ.

ಹಿಂದೆ ಹೊಲದ ಖಾತೆ ಬದಲಾಗುವಾಗ ತಕರಾರಿದ್ದರೆ ಹೇಳಿ ಎಂಬ ನೋಟಿಸನ್ನು 30 ದಿನ ಊರ ಚಾವಡಿಯಲ್ಲಿ ಹಚ್ಚುತ್ತಿದ್ದರು. ಹೊಲಕ್ಕೆ ಹೋದವನೂ, ಪರಸ್ಥಳದ ಸಂತೆಗೆ ಹೋದವನೂ ತಿರುಗಿ ಬಂದು ಓದಲಿ ಎಂಬುದು ಅದರ ಹಿಂದಿನ ವಿಚಾರ. ನೋಟಿಸಿನ ಆಯುಷ್ಯವನ್ನು ಓದುವವನ ಬದುಕಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ಪರದೆಯ ಮೇಲಿನ ಸೂಚನೆಗೂ ಅದೇ ನ್ಯಾಯ ಸಲ್ಲಬೇಕು.

ಯಾಕೆಂದರೆ ಐದು ಸೆಕೆಂಡು ಎಂದರೆ ಐದು ಸೆಕೆಂಡಿನ ಓದು ಎಂದಾಗುವುದಿಲ್ಲ. ಕಣ್ಣು ಬೆರಳಿನಿಂದ ಪರದೆಗೆ ಬರಬೇಕು, ಪರದೆಯಲ್ಲಿ ಯಾವ ಮೂಲೆ ಎಂದು ಹುಡುಕಬೇಕು, ಚಾಳೀಸು ಹಾಕಿದವರಿಗೆ ಆ ಸಣ್ಣ ಅಕ್ಷರ ನೆಲೆಗೊಳ್ಳಬೇಕು. ಇಷ್ಟಾಗುವಾಗ ಓದಲು ಸಮಯ ಉಳಿದಿರುವುದಿಲ್ಲ. ಕಣ್ಣು ಕಾಣದವರ ಪಾಡು ಇನ್ನೂ ಕಷ್ಟ. ಪರದೆ ಓದುವ ತಂತ್ರಾಂಶ ಹಿಂದಿನ ವಾಕ್ಯ ಮುಗಿಸಿ ಸೂಚನೆಯತ್ತ ಬರುವ ಮೊದಲೇ ಸೂಚನೆ ಅಳಿದಿದ್ದರೆ ಅವರ ಪಾಲಿಗೆ ಅದು ಬಂದೇ ಇಲ್ಲ. 2018ರ ವೆಬ್ ಸುಗಮತೆಯ ಮಾರ್ಗಸೂಚಿ, ಇಂಥ ಸ್ಥಿತಿಸಂದೇಶಗಳು ಸಹಾಯಕ ತಂತ್ರಾಂಶಕ್ಕೂ ತಿಳಿಯುವಂತೆ ಪುಟ ಕಟ್ಟಬೇಕು ಎನ್ನುತ್ತದೆ. ಅದಕ್ಕೂ ಮೊದಲು, 2008ರಲ್ಲೇ, ಕಾಲಮಿತಿ ಇರುವ ಕಡೆ ಅದನ್ನು ತೆಗೆದುಹಾಕಲು, ಕನಿಷ್ಠ ಹತ್ತು ಪಟ್ಟು ಹಿಗ್ಗಿಸಲು ಅಥವಾ ಮುಗಿಯುವ ಮೊದಲು ಸುಲಭವಾಗಿ ಮುಂದುವರಿಸಲು ಅವಕಾಶ ಕೊಡಬೇಕೆಂಬ ನಿಯಮ ಬಂದಿತ್ತು.

ಆಂಡ್ರಾಯ್ಡ್ 10ರಿಂದ ಫೋನಿನ ಸುಗಮತೆಯ ಸೆಟ್ಟಿಂಗಿನಲ್ಲಿ ಇಂಥ ಸಂದೇಶಗಳು 10 ಸೆಕೆಂಡಿನಿಂದ 2 ನಿಮಿಷದವರೆಗೆ ನಿಲ್ಲುವಂತೆ ಮಾಡಬಹುದು. ವಿಂಡೋಸಿನಲ್ಲೂ 5 ಸೆಕೆಂಡಿನಿಂದ 5 ನಿಮಿಷದವರೆಗೆ ಆಯ್ಕೆ ಇದೆ. ದುಃಖದ ಸಂಗತಿ ಎಂದರೆ ಬ್ರೌಸರಿನೊಳಗಿನ ಸಂಪಾದನಾ ಪುಟಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ತಂತ್ರಾಂಶ ಬರೆದವರು ಇಟ್ಟದ್ದೇ ಕಾಲ. ಮೀಡಿಯಾವಿಕಿಯಲ್ಲಿ ಮೌಸ್ ಬಾಣವನ್ನು ಸೂಚನೆಯ ಮೇಲಿಟ್ಟರೆ ಗಡಿಯಾರ ನಿಲ್ಲುತ್ತದೆ. ಒಳ್ಳೆಯ ಉಪಾಯ, ಆದರೆ ನಮ್ಮಲ್ಲಿ ಮುಕ್ಕಾಲು ಜನ ಫೋನಿನಲ್ಲೇ ಬರೆಯುವವರು, ಬೆರಳಿಗೆ ಬಾಣವಿಲ್ಲ.

ವಿಫಲವಾದ ಸುದ್ದಿಯೂ ಹೀಗೆಯೇ ಕರಗಿದರೆ ಆಗುವ ನಷ್ಟ ದೊಡ್ಡದು. ಒಮ್ಮೆ ಸವದತ್ತಿಯ ಸಂಘದ ಹೆಣ್ಣುಮಗಳು ಒಂದು ತಾಣದಲ್ಲಿ ತಮ್ಮ ರೊಟ್ಟಿ ಕೇಂದ್ರದ ಬಗ್ಗೆ ಉದ್ದನೆಯ ಬರಹ ಹಾಕಿದ್ದಳು. ನೆಟ್‌ವರ್ಕ್ ಕೈಕೊಟ್ಟು ಅದು ಉಳಿಯಲಿಲ್ಲ. ಉಳಿಯಲಿಲ್ಲವೆಂಬ ಸಂದೇಶ ಬಂದು, ಆಕೆ ಪಕ್ಕದವಳೊಡನೆ ಮಾತಾಡಿ ತಿರುಗುವಷ್ಟರಲ್ಲಿ ಹೋಗಿತ್ತು. ಆಕೆ ನಿಶ್ಚಿಂತೆಯಿಂದ ಕಿಟಕಿ ಮುಚ್ಚಿದಳು.

ಇನ್ನು ಒಪ್ಪಿಗೆಯ ಮಾತು. ವರ್ಡ್‌ಪ್ರೆಸ್ಸಿನಲ್ಲಿ ಬರೆಯುವ ಹಕ್ಕು ಮಾತ್ರ ಇದ್ದು ಪ್ರಕಟಿಸುವ ಹಕ್ಕಿಲ್ಲದವರು ಬರಹವನ್ನು ಪರಿಶೀಲನೆಗೆ ಕಳಿಸುತ್ತಾರೆ. ಸಂಪಾದಕರು ಒಪ್ಪಿ ಪ್ರಕಟಿಸಿದಾಗ ಬರೆದವರಿಗೆ ವರ್ಡ್‌ಪ್ರೆಸ್ ತಾನಾಗಿ ಇಮೇಲ್ ಕಳಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ಪ್ಲಗಿನ್ ಬೇಕು. ಒಪ್ಪುವವರ ಪರದೆಯಲ್ಲಿ ಹತ್ತು ಸೆಕೆಂಡಿನ ಪಟ್ಟಿ, ಬರೆದವರ ಪರದೆಯಲ್ಲಿ ಏನೂ ಇಲ್ಲ. ಬರೆದವರು ಮರುದಿನ ಬಂದು ಬರಹಗಳ ಪಟ್ಟಿಯಲ್ಲಿ ಹುಡುಕಿ ತಿಳಿದುಕೊಳ್ಳಬೇಕು.

ಹಾಗಾದರೆ ಎಷ್ಟು ಹೊತ್ತು? ನನ್ನ ತೀರ್ಮಾನ ಹೀಗಿದೆ. ‘ಉಳಿದಿದೆ’ ಎಂಬ ಸಾದಾ ಖಾತ್ರಿಗೆ ಹತ್ತು ಸೆಕೆಂಡು ಕನಿಷ್ಠ, ಅದೂ ಇತಿಹಾಸದಂಥ ಕಾಯಂ ಜಾಗವೊಂದು ಇದ್ದರೆ ಮಾತ್ರ. ಹೊಸ ಸಂಪಾದಕರಿಗೆ ಅವರೇ ಮುಚ್ಚುವವರೆಗೆ ನಿಲ್ಲಲಿ. ರೂಢಿಯಾದ ಮೇಲೆ ಬೇಕಾದರೆ ಕಡಿಮೆ ಮಾಡಿಕೊಳ್ಳಲಿ. ತಪ್ಪಾಯಿತು, ಉಳಿಯಲಿಲ್ಲ ಎನ್ನುವ ಸಂದೇಶ ತಾನಾಗಿ ಎಂದೂ ಹೋಗಬಾರದು. ‘ರದ್ದು ಮಾಡಿ’, ‘ಪುಟ ನೋಡಿ’ ಎಂಬ ಗುಂಡಿ ಇರುವ ಸಂದೇಶವೂ ಅಷ್ಟೇ. ಒಪ್ಪಿಗೆಯ ಸುದ್ದಿ ಬರೆದವರು ಮತ್ತೆ ಬಂದು ಓದುವ ತನಕ ಕಾದಿರಬೇಕು.

ನಿಮ್ಮ ಶಾಲೆಗೋ ಸಂಘಕ್ಕೋ ವೆಬ್‌ಸೈಟ್ ಮಾಡಿಸುತ್ತಿದ್ದರೆ ಮಾಡುವವರನ್ನು ಈ ವಿಷಯವಾಗಿ ದಯವಿಟ್ಟು ಕೇಳಿ. ಮನೆಯ ಹಿರಿಯರೊಬ್ಬರನ್ನು ಕೂರಿಸಿ ನಾಲ್ಕು ಸಾಲು ಬರೆಸಿ, ಗುಂಡಿ ಒತ್ತಿಸಿ, ಉಳಿಯಿತೇ ಎಂದು ವಿಚಾರಿಸಿ. ಅವರು ಹೌದೆಂದು ಹೇಳುವವರೆಗೆ ಆ ಕೆಲಸಕ್ಕೆ ಪೂರ್ತಿ ಹಣ ಕೊಡಬೇಡಿ.