ಕಂಪ್ಯೂಟರಿನೊಳಗಿನ ಕಂಪ್ಯೂಟರು ಕುಸಿದಾಗ

ಒಂದು ಕಂಪ್ಯೂಟರಿನ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕ್‌ಗಳಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಆ ಪಾಲಿನೊಳಗೆ ಮತ್ತೊಂದು ಪೂರ್ಣ ಕಂಪ್ಯೂಟರೇ ಇದೆಯೆಂದು ಕಾರ್ಯಾಚರಣ ವ್ಯವಸ್ಥೆಯನ್ನು ನಂಬಿಸುವ ಏರ್ಪಾಡಿಗೆ ವರ್ಚುವಲ್ ಮೆಷೀನ್ ಎಂದು ಹೆಸರು. ಐಬಿಎಂ ಕಂಪನಿ 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗಾಗಿ ಇದನ್ನು ಮಾರುಕಟ್ಟೆಗೆ ತಂದಿತ್ತು. ಇಂದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಕಲಿಯುವ ವಿದ್ಯಾರ್ಥಿಯೂ, ಹಳೆಯ ವಿಂಡೋಸ್‌ನಲ್ಲಷ್ಟೇ ನಡೆಯುವ ತಂತ್ರಾಂಶವನ್ನು ಕೈಬಿಡಲಾಗದ ಕಚೇರಿಯೂ ವರ್ಚುವಲ್‌ಬಾಕ್ಸ್ ಅಥವಾ ವಿಎಂವೇರ್ ವರ್ಕ್‌ಸ್ಟೇಷನ್‌ನ ಮೂಲಕ ಅದನ್ನೇ ಬಳಸುತ್ತಾರೆ. ಹೊರಗಿನ ವಿಂಡೋಸ್ ಆತಿಥೇಯ, ಒಳಗೆ ನಡೆಯುವ ವ್ಯವಸ್ಥೆ ಅತಿಥಿ, ಇವೆರಡರ ನಡುವೆ ನಿಂತು ಪ್ರೊಸೆಸರನ್ನು ಹಂಚುವ ತಂತ್ರಾಂಶ ಹೈಪರ್‌ವೈಸರ್.

ವರ್ಚುವಲ್ ಮೆಷೀನ್ ಕುಸಿಯಿತು ಎಂಬ ಒಂದೇ ದೂರಿನಲ್ಲಿ ಮೂರು ಬೇರೆ ಬೇರೆ ಘಟನೆಗಳು ಅಡಗಿರುತ್ತವೆಯಾದ್ದರಿಂದ, ಬಿದ್ದದ್ದು ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಕಿಟಕಿಯೊಳಗಿನ ಲಿನಕ್ಸ್ ಮಾತ್ರ ಸ್ತಬ್ಧವಾಗಿ ಹೊರಗಿನದೆಲ್ಲ ಸರಿಯಾಗಿದ್ದರೆ ತೊಡಕು ಬಹುಮಟ್ಟಿಗೆ ಅತಿಥಿಯೊಳಗೇ ಇರುತ್ತದೆ. ಕಿಟಕಿಯೇ ಮಾಯವಾದರೆ ಅಥವಾ ವರ್ಚುವಲ್‌ಬಾಕ್ಸ್ ‘ಗುರು ಮೆಡಿಟೇಶನ್’ ಎಂಬ ವಿಚಿತ್ರ ಸಂದೇಶವನ್ನು ತೋರಿಸಿದರೆ (ಅಮಿಗಾ ಗಣಕಗಳ ಕಾಲದ ಈ ಹಾಸ್ಯದಿಂದ ಬಳಕೆದಾರನಿಗೆ ಯಾವ ಸಹಾಯವೂ ಆಗುವುದಿಲ್ಲ) ನಡುವಿನ ತಂತ್ರಾಂಶ ಎಡವಿದೆ. ಇಡೀ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ಮತ್ತೆ ಆರಂಭವಾದರೆ ವಿಂಡೋಸ್‌ನ ಒಳತಿರುಳಿನಲ್ಲಿ ಕೆಲಸಮಾಡುವ ಯಾವುದೋ ಡ್ರೈವರ್, ಇಲ್ಲವೇ ಮೆಮೊರಿಯಂಥ ಯಂತ್ರಭಾಗವೇ ಕಾರಣವಾಗಿರುವ ಸಂಭವ ಹೆಚ್ಚು.

ನಡುವಿನ ತಂತ್ರಾಂಶ ಎಡವುವುದಕ್ಕೆ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಒಂದು ವಿಶೇಷ ಕಾರಣವಿದೆ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರಿನೊಳಗೇ ವರ್ಚುವಲ್ ಮೆಷೀನುಗಳಿಗೆ ನೆರವಾಗುವ ಸೌಲಭ್ಯವನ್ನು ಅಳವಡಿಸಿದವು. ಆದರೆ ಈ ಸೌಲಭ್ಯದ ಹತೋಟಿಯನ್ನು ಒಂದು ಸಮಯಕ್ಕೆ ಒಂದು ಹೈಪರ್‌ವೈಸರ್ ಮಾತ್ರ ಹಿಡಿಯಬಲ್ಲದು. ಮೈಕ್ರೋಸಾಫ್ಟ್‌ನ ಸ್ವಂತ ಹೈಪರ್‌ವೈಸರ್ ಆದ ಹೈಪರ್-ವಿ 2012ರ ವಿಂಡೋಸ್ 8ರೊಂದಿಗೆ ವೈಯಕ್ತಿಕ ಯಂತ್ರಗಳತ್ತ ಬಂದಾಗ ಅದನ್ನು ಬೇಕೆಂದವರು ಮಾತ್ರ ಚಾಲೂ ಮಾಡುತ್ತಿದ್ದರು. ಈಗ ಪರಿಸ್ಥಿತಿ ಹಾಗಿಲ್ಲ. ವಿಂಡೋಸ್‌ನೊಳಗೆ ಲಿನಕ್ಸ್ ಆಜ್ಞೆಗಳನ್ನು ನಡೆಸುವ ಡಬ್ಲ್ಯೂಎಸ್‌ಎಲ್-2, ಅದನ್ನು ಆಧರಿಸಿದ ಡಾಕರ್, ಮತ್ತು ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ಚಾಲೂ ಇರುವ ‘ಮೆಮೊರಿ ಇಂಟೆಗ್ರಿಟಿ’ ಎಂಬ ಭದ್ರತಾ ಏರ್ಪಾಡು, ಇವೆಲ್ಲವೂ ಅದೇ ಹೈಪರ್‌ವೈಸರನ್ನು ಎಬ್ಬಿಸುತ್ತವೆ. ಅದು ಎದ್ದಮೇಲೆ ವಿಂಡೋಸ್ ಕೂಡ ಅದರ ಮೇಲೆಯೇ ನಡೆಯುವುದರಿಂದ, ತಡವಾಗಿ ಬಂದ ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರ್ ನೇರವಾಗಿ ಕೈಗೆ ಸಿಗುವುದಿಲ್ಲ. ಹಿಂದೆ ಇಂಥ ಸಂದರ್ಭದಲ್ಲಿ ಅದು ಆರಂಭವಾಗಲು ನಿರಾಕರಿಸುತ್ತಿತ್ತು ಅಥವಾ ನೀಲಿ ಪರದೆಗೆ ಕಾರಣವಾಗುತ್ತಿತ್ತು. 2018ರ ಬಳಿಕ ಮೈಕ್ರೋಸಾಫ್ಟ್ ಒದಗಿಸಿದ ಮಧ್ಯವರ್ತಿ ಮಾರ್ಗದಲ್ಲಿ ನಡೆಯತೊಡಗಿದೆಯಾದರೂ, ಆ ಮಾರ್ಗ ನಿಧಾನವಾದದ್ದು, ಕೆಲವೊಮ್ಮೆ ಅಸ್ಥಿರವಾದದ್ದು.

ಇದನ್ನು ಪತ್ತೆಮಾಡುವುದು ಕಷ್ಟವಲ್ಲ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಅಂಚಿನಲ್ಲಿ ಹಸಿರು ಆಮೆಯ ಪುಟ್ಟ ಚಿತ್ರ ಕಂಡರೆ ಅದು ಹೈಪರ್-ವಿಯ ಮೇಲೆ ನಡೆಯುತ್ತಿದೆ ಎಂದರ್ಥ. ಮೆಷೀನಿನ ಫೋಲ್ಡರಿನಲ್ಲಿರುವ ‘ಲಾಗ್ಸ್’ ಎಂಬ ಒಳಫೋಲ್ಡರಿನ ದಾಖಲೆಯಲ್ಲಿ ಎನ್, ಇ, ಎಂ ಎಂಬ ಮೂರು ಅಕ್ಷರಗಳಿಂದ ಆರಂಭವಾಗುವ ಟಿಪ್ಪಣಿಗಳು ಇದನ್ನೇ ಹೇಳುತ್ತವೆ, ಮತ್ತು ಕುಸಿತದ ಕಾರಣವನ್ನು ಹುಡುಕುವವರು ಓದಬೇಕಾದದ್ದೂ ಆ ದಾಖಲೆಯ ಕೊನೆಯ ಭಾಗವನ್ನೇ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮೆಷೀನ್ ಪ್ಲಾಟ್‌ಫಾರ್ಮ್ ಮೊದಲಾದವುಗಳ ಗುರುತು ತೆಗೆದು, ಲ್ಯಾಪ್‌ಟಾಪನ್ನು ಶಟ್‌ಡೌನ್ ಮಾಡದೆ ರೀಸ್ಟಾರ್ಟ್ ಮಾಡಿದರೆ ಹತೋಟಿ ಹಿಂದಿರುಗಬಹುದು. ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವ ಯಂತ್ರ ಶಟ್‌ಡೌನ್ ಮಾಡಿದಾಗ ತನ್ನ ಒಳತಿರುಳನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು ಅದನ್ನೇ ಮರಳಿ ತರುವುದರಿಂದ ಈ ಭೇದ ಮುಖ್ಯ. ಆದರೆ ಆ ಗುರುತುಗಳನ್ನು ತೆಗೆದರೆ ಡಬ್ಲ್ಯೂಎಸ್‌ಎಲ್-2 ನಿಲ್ಲುತ್ತದೆ. ಆಮೆ ಆಗಲೂ ಹೋಗದಿದ್ದರೆ ಮೆಮೊರಿ ಇಂಟೆಗ್ರಿಟಿಯತ್ತ ನೋಡಬೇಕಾಗುತ್ತದಾದರೂ, ದುರುದ್ದೇಶದ ಡ್ರೈವರುಗಳಿಂದ ಕಾಪಾಡುವ ಈ ರಕ್ಷಣೆಯನ್ನು ಒಂದಿಷ್ಟು ವೇಗಕ್ಕಾಗಿ ಆರಿಸುವುದು, ಬ್ಯಾಂಕ್ ವ್ಯವಹಾರ ನಡೆಯುವ ಲ್ಯಾಪ್‌ಟಾಪಿನಲ್ಲಂತೂ, ವಿವೇಕದ ಕೆಲಸವಲ್ಲ. ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿ ಆಮೆಯೊಂದಿಗೆ ಹೊಂದಿಕೊಂಡು ಹೋಗುವುದು ಎಷ್ಟೋ ಮೇಲು.

ಉಳಿದ ಕಾರಣಗಳು ಇಷ್ಟು ಗೂಢವಲ್ಲ. 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಅತಿಥಿಗೆ 6 ಜಿಬಿ ಬರೆದುಕೊಟ್ಟರೆ ವಿಂಡೋಸ್‌ಗೂ ಬ್ರೌಸರಿಗೂ ಉಸಿರಾಡಲು ಜಾಗವಿರುವುದಿಲ್ಲ. ಬೇಕಾದಂತೆ ಬೆಳೆಯುವ ವರ್ಚುವಲ್ ಡಿಸ್ಕ್, ಅತಿಥಿಯಲ್ಲಿ ಕಡತಗಳನ್ನು ಅಳಿಸಿದ ಮಾತ್ರಕ್ಕೆ ಕುಗ್ಗುವುದಿಲ್ಲ. ಸ್ನ್ಯಾಪ್‌ಶಾಟ್‌ಗಳು, ಅಂದರೆ ಹಿಂದಿನ ಸ್ಥಿತಿಗೆ ಮರಳಲೆಂದು ಉಳಿಸಿಟ್ಟ ಪದರಗಳು, ಅದರ ಮೇಲೆ ಇನ್ನಷ್ಟು ಜಾಗ ತಿನ್ನುತ್ತವೆ. ಹೊರಗಿನ ಡಿಸ್ಕ್ ತುಂಬಿದಾಗ ವರ್ಚುವಲ್‌ಬಾಕ್ಸ್ ಸಾಮಾನ್ಯವಾಗಿ ಮೆಷೀನನ್ನು ತಡೆಹಿಡಿದು ನಿಲ್ಲಿಸುತ್ತದೆಯಾದ್ದರಿಂದ, ಗಾಬರಿಯಿಂದ ಅದನ್ನು ಮುಚ್ಚದೆ ಜಾಗ ತೆರವು ಮಾಡಿ ಮುಂದುವರಿಸಬಹುದು. ವಿಎಂವೇರ್ ತನ್ನ ಮೆಷೀನುಗಳನ್ನು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಡುವುದು ವಾಡಿಕೆ. ಆ ಫೋಲ್ಡರ್, ಕಡತಗಳನ್ನು ಅಂತರಜಾಲಕ್ಕೆ ನಕಲಿಸುತ್ತಿರುವ ಒನ್‌ಡ್ರೈವ್‌ಗೆ ಸೇರಿದ್ದರೆ ಮೆಷೀನನ್ನು ಬೇರೆಡೆಗೆ ಸಾಗಿಸುವುದೇ ಕ್ಷೇಮ. ಪರದೆ ಮಿನುಗಿ ಅತಿಥಿ ಕುಸಿಯುತ್ತಿದ್ದರೆ 3ಡಿ ವೇಗವರ್ಧನೆಯನ್ನು ಆರಿಸಿ ನೋಡುವುದು ಮೊದಲ ಪರೀಕ್ಷೆ.

ವರ್ಚುವಲೈಸೇಶನ್ ಸೌಲಭ್ಯವೇ ಮುಚ್ಚಿದೆಯೆಂದು ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟ ಹೇಳಿದರೆ ಅದನ್ನು ಬಯಾಸ್‌ನಲ್ಲಿ ತೆರೆಯಬೇಕು. ಆದರೆ ಬಯಾಸ್ ಬದಲಾದುದನ್ನು ಕಂಡು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಮುಂದಿನ ಆರಂಭದಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುವ ಸಾಧ್ಯತೆಯಿರುವುದರಿಂದ, ಅದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳಿತು. ಈ ಯಾವ ಬದಲಾವಣೆಗೂ ಮುನ್ನ ಅತಿಥಿಯನ್ನು ಸೇವ್ ಸ್ಟೇಟ್‌ನಲ್ಲಿ ನಿದ್ರಿಸಬಿಡದೆ ಪೂರ್ತಿ ಮುಚ್ಚಬೇಕು: ಹಳೆಯ ಏರ್ಪಾಡಿನಲ್ಲಿ ಉಳಿಸಿದ ಸ್ಥಿತಿ ಹೊಸದರಲ್ಲಿ ತೆರೆಯದಿದ್ದರೆ ಅದನ್ನು ತೊರೆಯುವುದೊಂದೇ ದಾರಿ, ಮತ್ತು ಹಾಗೆ ತೊರೆದಾಗ ಅತಿಥಿಯಲ್ಲಿ ಸೇವ್ ಆಗದೆ ತೆರೆದಿದ್ದ ಕೆಲಸವೆಲ್ಲ ವಿದ್ಯುತ್ ಹೋದಾಗ ಆಗುವಂತೆಯೇ ನಷ್ಟವಾಗುತ್ತದೆ.