ಮೆಮೊರಿ ಜಾಸ್ತಿ, ವೇಗ ಕಡಿಮೆ! ಇದು ಹೇಗೆ?



ಕಂಪ್ಯೂಟರಿಗೆ ಮೆಮೊರಿ ಜಾಸ್ತಿ ಹಾಕಿದರೆ ಅದು ಬೇಗ ಕೆಲಸ ಮಾಡುತ್ತೆ ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ 1990ರ ದಶಕದ ಕೆಲವು ಕಂಪ್ಯೂಟರುಗಳಲ್ಲಿ ಇದು ಉಲ್ಟಾ ಆಗುತ್ತಿತ್ತು. ನಮ್ಮ ಮಾವ ಲಿಂಗರಾಜಪುರದಲ್ಲಿ ಹಳೇ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಅವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕ್ಯಾಶ್ ಎಂದರೇನು?

ಕಿರಾಣಿ ಅಂಗಡಿ ನೋಡಿ. ಮೂಟೆಗಳು ಹಿಂದಿನ ಗೋಡೌನಿನಲ್ಲಿ ಇರುತ್ತವೆ. ಪದೇ ಪದೇ ಬೇಕಾಗುವ ಬೇಳೆ, ಸಕ್ಕರೆಯನ್ನು ಕೈಗೆ ಸಿಗುವ ಡಬ್ಬಗಳಲ್ಲಿ ಇಟ್ಟಿರುತ್ತಾರೆ. ಪ್ರತಿ ಸಲ ಗೋಡೌನಿಗೆ ಓಡುವುದು ತಪ್ಪುತ್ತದೆ. ಕಂಪ್ಯೂಟರಿನಲ್ಲಿ ಮುಖ್ಯ ಮೆಮೊರಿಯೇ ಗೋಡೌನು, ಕ್ಯಾಶ್ ಎಂಬ ಚಿಕ್ಕ, ವೇಗದ ಮೆಮೊರಿಯೇ ಡಬ್ಬ.

ಡಬ್ಬದಲ್ಲಿರುವುದು ಯಾವ ಮೂಟೆಯದು ಅಂತ ಚೀಟಿ ಬೇಕಲ್ಲವೇ? ಆ ಚೀಟಿಗೆ ಟ್ಯಾಗ್ ಎಂದು ಹೆಸರು. ಆಗಿನ ಪೆಂಟಿಯಂ ಕಂಪ್ಯೂಟರುಗಳಲ್ಲಿ ಈ ಡಬ್ಬ, ಚೀಟಿ ಎರಡೂ ಮದರ್‌ಬೋರ್ಡಿನ ಮೇಲೆ ಇರುತ್ತಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದದ್ದು ಚಿಪ್‌ಸೆಟ್.

64ರ ಗಡಿ

ಇಂಟೆಲ್ ಕಂಪನಿಯ 430ಟಿಎಕ್ಸ್ ಚಿಪ್‌ಸೆಟ್ ಬಂದದ್ದು 1997ರಲ್ಲಿ. ಅದಕ್ಕೆ 256 ಮೆಗಾಬೈಟ್ ಮೆಮೊರಿ ಹಾಕಬಹುದು. ಆದರೆ ಕ್ಯಾಶ್ ಸಿಗುವುದು ಮೊದಲ 64 ಮೆಗಾಬೈಟಿಗೆ ಮಾತ್ರ! ಕಾರಣ, ಚೀಟಿಯಲ್ಲಿ ಜಾಗ ಕಡಿಮೆ. ಟ್ಯಾಗಿಗೆ ಇರುವುದು 8 ಬಿಟ್. 8 ಬಿಟ್‌ನಲ್ಲಿ 0ಯಿಂದ 255ರವರೆಗೆ ಒಟ್ಟು 256 ಸಂಖ್ಯೆ ಬರೆಯಬಹುದು. ಕ್ಯಾಶ್ 256 ಕಿಲೋಬೈಟ್ ಇದ್ದರೆ,

256 × 256 = 65,536 ಕಿಲೋಬೈಟ್
65,536 ÷ 1024 = 64 ಮೆಗಾಬೈಟ್

ಈ ಚಿಪ್‌ಸೆಟ್‌ನಲ್ಲಿ ಕ್ಯಾಶನ್ನು 512 ಕಿಲೋಬೈಟ್ ಮಾಡಿದರೂ ಗಡಿ 64ರಲ್ಲೇ ನಿಲ್ಲುತ್ತದೆ.

ನಿಧಾನ ಏಕೆ?

ಗಡಿಯ ಆಚೆಗಿನ ಸಾಮಾನಿಗೆ ಡಬ್ಬವಿಲ್ಲ. ಪ್ರತಿ ಸಲ ಗೋಡೌನಿಗೇ ಓಡಬೇಕು. ವಿಂಡೋಸ್ 95, 98 ಮೆಮೊರಿಯನ್ನು ಮೇಲಿನ ತುದಿಯಿಂದ ಬಳಸುತ್ತಾ ಬರುತ್ತವೆ. ಹಾಗಾಗಿ ಮೊದಲು ತುಂಬುವುದೇ ಕ್ಯಾಶ್ ಇಲ್ಲದ ಭಾಗ! ಹಿಟ್ಟಿನ ಗಿರಣಿಯವರೊಬ್ಬರು ಎಸ್.ಪಿ. ರಸ್ತೆಯಿಂದ ಇನ್ನೊಂದು 64 ತಂದು, ಒಟ್ಟು 128 ಮಾಡಿಸಿದ್ದರು. ಬಿಲ್ ಮಾಡೋದು ನಿಧಾನ ಆಯ್ತು. ಮಾವ ಅದನ್ನು ತೆಗೆದ ಮೇಲೆ ಮೊದಲಿನಂತೆ ಓಡಿತು. ದುಡ್ಡು ಮಾತ್ರ ದಂಡ.

ಆದರೂ ಒಂದು ಮಾತು. ಕೆಲಸಕ್ಕೆ 64 ನಿಜವಾಗಿಯೂ ಸಾಲದಿದ್ದರೆ ಹೆಚ್ಚಿಗೆ ಹಾಕುವುದೇ ಮೇಲು. ಇಲ್ಲದಿದ್ದರೆ ಕಂಪ್ಯೂಟರ್ ಹಾರ್ಡ್ ಡಿಸ್ಕಿಗೆ ಓಡಬೇಕು. ಅದು ಗೋಡೌನು ಬಿಟ್ಟು ಎಪಿಎಂಸಿ ಯಾರ್ಡಿಗೆ ಹೋಗಿ ಬಂದಂತೆ!

ಈಗಿನ ಕಂಪ್ಯೂಟರುಗಳಲ್ಲಿ ಕ್ಯಾಶ್ ಪ್ರೊಸೆಸರಿನ ಒಳಗೇ ಇರುವುದರಿಂದ ಈ ತೊಂದರೆ ಇಲ್ಲ. ಆದರೆ ಹಳೇ ಯಂತ್ರಕ್ಕೆ ಮೆಮೊರಿ ಕೊಳ್ಳುವ ಮೊದಲು ಚಿಪ್‌ಸೆಟ್ ಹೆಸರು ನೋಡಿ. ಜಾಗ ಎಷ್ಟಿದೆ ಎನ್ನುವುದರ ಜೊತೆಗೆ ಲೆಕ್ಕ ಇಡುವವರಿಗೆ ಎಷ್ಟು ಸಾಧ್ಯ ಎನ್ನುವುದೂ ಮುಖ್ಯ.

ನಿಮಗೊಂದು ಲೆಕ್ಕ: 1996ರ 430ಎಚ್‌ಎಕ್ಸ್ ಚಿಪ್‌ಸೆಟ್ ಟಿಎಕ್ಸ್‌ಗಿಂತ ಹಳೆಯದು. ಆದರೆ ಅದಕ್ಕೆ 11 ಬಿಟ್ ಟ್ಯಾಗ್ ಕೊಡಬಹುದು. ಕ್ಯಾಶ್ 256 ಕಿಲೋಬೈಟ್ ಇದ್ದರೆ ಗಡಿ ಎಷ್ಟು ಮೆಗಾಬೈಟ್? ಉತ್ತರ ಮುಂದಿನ ಸಂಚಿಕೆಯಲ್ಲಿ.

— 7ನೇ ತರಗತಿ