ಚೆಂಡಿನ ಒಡೆತನ

ಕಾಲ್ಚೆಂಡಾಟದಲ್ಲಿ ಚೆಂಡು ಯಾರ ವಶದಲ್ಲಿದೆಯೋ ಗೆಲುವೂ ಅವರದೇ ಎಂಬ ಮಾತುಂಟು. ಕನ್ನಡ ಮೇಷ್ಟರಾದ ನನಗೆ ಈ ಮಾತನ್ನು ತುಸು ವಿಚಾರಿಸಬೇಕೆನಿಸಿದೆ.

ಈ ಪಂಥದ ಹಿರಿಯ ಗುರು ಹಾಲೆಂಡಿನ ಯೊಹಾನ್ ಕ್ರೈಫ್. 1988ರಿಂದ 1996ರವರೆಗೆ ಅವರು ಬಾರ್ಸಿಲೋನಾ ತಂಡದ ತರಬೇತುದಾರರಾಗಿದ್ದರು. ಅವರ ಶಿಷ್ಯ ಪೆಪ್ ಗಾರ್ಡಿಯೋಲಾ 2008ರಿಂದ 2012ರವರೆಗೆ ಅದೇ ತಂಡವನ್ನು ಪಳಗಿಸಿದರು. ತತ್ತ್ವ ಸರಳವಾದುದು: ಚೆಂಡಿಲ್ಲದ ಎದುರಾಳಿ ಗೋಲು ಹೊಡೆಯಲಾರ. ಚೆಂಡುಳ್ಳವನ ಆಸುಪಾಸಿನಲ್ಲಿ ಸಂಗಡಿಗರು ತ್ರಿಕೋನವಾಗಿ ನಿಲ್ಲುತ್ತಾರೆ. ಸಣ್ಣ ಸಣ್ಣ ಪಾಸುಗಳು ಎದುರಾಳಿಗಳನ್ನು ಅತ್ತಿತ್ತ ಎಳೆದಾಡುತ್ತವೆ. ಅವರ ಸಾಲಿನಲ್ಲಿ ಎಲ್ಲೋ ಒಂದೆಡೆ ಬಿರುಕು ಬಿಡುತ್ತದೆ. ದಾಳಿ ನುಗ್ಗುವುದು ಆ ಬಿರುಕಿನಲ್ಲಿ. ಚೆಂಡು ಕಾಲ್ತಪ್ಪಿದರೋ, ಒಡನೆಯೇ ಮುತ್ತಿಗೆ ಹಾಕಿ ಮರಳಿ ಕಸಿಯುತ್ತಾರೆ.

2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದದ್ದು ಹೀಗೆಯೇ. ಏಳು ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು, ಬಿಟ್ಟುಕೊಟ್ಟದ್ದು ಎರಡೇ. ಚೆಂಡಿನ ಒಡೆತನ ಇಲ್ಲಿ ಕತ್ತಿಗಿಂತಲೂ ಮಿಗಿಲಾಗಿ ಗುರಾಣಿಯಾಯಿತು. ಅದೇ ಸ್ಪೇನ್ 2018ರ ವಿಶ್ವಕಪ್ಪಿನಲ್ಲಿ ರಷ್ಯದೆದುರು ಸಾವಿರಕ್ಕೂ ಹೆಚ್ಚು ಪಾಸುಗಳನ್ನು ನೀಡಿಯೂ 1-1ರ ಸಮಬಲದ ಬಳಿಕ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಅದರ ಆ ಒಂದು ಗೋಲು ಕೂಡ ರಷ್ಯದ ಆಟಗಾರನ ಕಾಲಿಗೆ ತಗುಲಿ ಬಂದದ್ದು! ಚೆಂಡು ಸುತ್ತಿತು; ಬಿರುಕು ಮೂಡಲಿಲ್ಲ.

ಶಬ್ದಭಂಡಾರ ದೊಡ್ಡದಾದ ಮಾತ್ರಕ್ಕೆ ಕಾವ್ಯ ಹುಟ್ಟೀತೆ? ಚೆಂಡಿನ ಮಾತೂ ಅಷ್ಟೆ. ಹಿಡಿದಿಟ್ಟುಕೊಳ್ಳುವುದು ಸಾಧನೆಯ ಅರ್ಧ. ತಕ್ಕ ಗಳಿಗೆಯಲ್ಲಿ ಬಿಟ್ಟುಕೊಡುವುದು ಉಳಿದರ್ಧ.